ನಾಗವ್ವನಿಗೆ ಓದದೆ ಬಿಟ್ಟ ಸಾಲು

ಮುಲುಂಡ್, ಮುಂಬಯಿ
ಮಂಗಳವಾರ, 9 ಫೆಬ್ರವರಿ 1954

ಚಿ. ಸೌ. ಶರಣವ್ವಳಿಗೆ ಚನ್ನಬಸಯ್ಯನ ಆಶೀರ್ವಾದಗಳು.

ನಿನ್ನ ಮೈ ಹೇಗಿದೆ? ಕೂಸು ಸರಿಯಾಗಿ ಹಾಲು ಕುಡಿಯುತ್ತಿದೆಯೇ? ಬೈಲಹೊಂಗಲದಲ್ಲಿ ಈ ಸಲ ಚಳಿ ಇನ್ನೂ ಹೋಗಿಲ್ಲವೆಂದು ನಿಮ್ಮ ಅಪ್ಪ ಬರೆದಿದ್ದರು. ತಲೆಗೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ಬೇಸರವಾದರೂ ಅಳವಿ ಬೀಜದ ಪಾಯಸ ಬಿಡಬೇಡ. ಮಗನ ಮುಖ ನಿನ್ನ ಹಾಗೆ ಇದೆಯೆಂದು ಕೇಳಿ ಸಂತೋಷವಾಯಿತು. ಹಣೆ ನಮ್ಮದಿರಬಹುದು, ಬಂದು ನೋಡಿ ಹೇಳುತ್ತೇನೆ.

ಖಾನಾವಳಿಯ ಸುದ್ದಿ ಹೇಳುತ್ತೇನೆ. ಸ್ಟೇಶನ್ನಿನ ಆಚೆ ಹೊಸದಾಗಿ ಎದ್ದ ಫ್ಯಾಕ್ಟರಿಯವರು ನಮ್ಮ ಕಡೆಯ ಅರವತ್ತು ಜನರಿಗೆ ಮಧ್ಯಾಹ್ನದ ಊಟ ಒಪ್ಪಿಸುವುದಾಗಿ ಹೇಳಿ, ಎಂಟು ದಿನ ಪರೀಕ್ಷೆಗೆಂದು ಊಟ ತರಿಸಿಕೊಂಡರು. ನಿನ್ನೆಗೆ ಎಂಟು ದಿನ ಮುಗಿಯಿತು, ಒಪ್ಪಿದ್ದಾರೆ. ರೊಟ್ಟಿಯಿಂದಲೇ ಒಪ್ಪಿದ್ದು. ಆ ರೊಟ್ಟಿ ಬಡಿದವಳು ನಾಗವ್ವ ಒಬ್ಬಳೇ. ನೀನು ಹೋದ ಮೇಲೆ ಅವಳ ಜೊತೆಗೆಂದು ಇಬ್ಬರನ್ನು ಇಟ್ಟುಕೊಂಡೆ. ಒಬ್ಬಳು ಹನ್ನೊಂದು ದಿನ ಇದ್ದಳು, ಇನ್ನೊಬ್ಬಳು ಒಂದು ತಿಂಗಳು. ಬಾಂದ್ರಾದಲ್ಲಿ ಖಾನಾವಳಿ ತೆಗೆದಿರುವ ಶೆಟ್ಟೆಪ್ಪ ಅವರನ್ನು ಒಯ್ದ. ನಾಗವ್ವನನ್ನೂ ಕೇಳಿದ್ದಾನೆ. ಒಂದೂವರೆ ಪಟ್ಟು ಪಗಾರ, ಇರಲು ಬೇರೆ ಖೋಲಿ. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಹಿಟ್ಟು ನಾದುತ್ತಲೇ ಹೇಳಿದಳು: "ಪಗಾರ ಯಾರರ ಕೊಡ್ತಾರ್ರಿ ಅಣ್ಣಾರ. ನಮ್ಮ ಮನಿ ಕಾಗದ ಅಕ್ಕಾರಂಗ ಓದಿ ಹೇಳಾವ್ರು ಎಲ್ಲಿ ಸಿಗ್ತಾರ?"

ಅಡಿಗೆಯವರಿಗೆ ಬಂದ ಕಾಗದಗಳನ್ನು ನೀನು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹೊಸ್ತಿಲಲ್ಲಿ ಕೂತು ಓದಿ ಹೇಳುತ್ತಿದ್ದೆ. ಊರಲ್ಲಿ ಬರೆಸಿದವರು ಆಡಿದ ಹಾಗೆಯೇ ಓದುತ್ತಿದ್ದೆ, ಕೇಳಿದರೆ ಎರಡನೆಯ ಸಲವೂ ಓದುತ್ತಿದ್ದೆ. ಅದನ್ನು ನೋಡಿ ನಾನು ನಗುತ್ತಿದ್ದೆ. ಆರು ವರ್ಷ ಈ ಜನ ನಮ್ಮನ್ನು ಬಿಟ್ಟು ಹೋಗದೆ ಇದ್ದದ್ದು ಅದರಿಂದ ಎಂದು ನನಗೆ ಗೊತ್ತಾದದ್ದು ಈಗ. ನೀನು ಹೋದ ಮೇಲೆ ಓದುವ ಕೆಲಸ ನನಗೆ ಬಂತು. ದಿನಾ ಪೇಪರು ಓದಿ ಹೇಳುವವನಿಗೆ ಇದೇನು ದೊಡ್ಡದು ಎಂದುಕೊಂಡಿದ್ದೆ.

ಜನವರಿ ಮೂವತ್ತರಂದು ನಾಗವ್ವನ ತಮ್ಮ ಮುರಿಗೆಪ್ಪನ ಕಾಗದ ಬಂತು. ಫ್ಯಾಕ್ಟರಿಯ ಊಟ ಶುರುವಾಗಲು ಎರಡು ದಿನ ಇತ್ತು. ಅವರ ಅವ್ವ ಹಾಸಿಗೆ ಹಿಡಿದು ಹದಿನೈದು ದಿನವಾಗಿದೆ, ನಿನ್ನನ್ನು ಕೇಳುತ್ತಾಳೆ, ಕೂಡಲೇ ಬಾ ಎಂದು ಬರೆದಿದ್ದ. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಆಮೇಲೆ ಎಮ್ಮೆ ಈದದ್ದು, ಜೋಳ ಚೆನ್ನಾಗಿ ಬಂದದ್ದು, ಎಲ್ಲರೂ ಕ್ಷೇಮ ಎಂಬುದನ್ನು ಗಟ್ಟಿಯಾಗಿ ಓದಿದೆ. ಕ್ಷೇಮ ಎಂಬುದು ಕಾಗದದಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ನಾಗವ್ವ ಕಾಗದದ ಕಡೆಗೇ ನೋಡುತ್ತ, "ಇಷ್ಟ ಏನ್ರಿ? ಕಾಗದ ತುಂಬ ಬರದಾನಲ್ರಿ" ಅಂದಳು. ಅಕ್ಷರ ದಪ್ಪ ಬರೆದಿದ್ದಾನೆ ಅಂದೆ. ಎಂಟೇ ದಿನ, ಆಮೇಲೆ ನಾನೇ ಟಿಕೆಟ್ ತೆಗೆಸಿ ಕಳಿಸುತ್ತೇನೆ ಎಂದುಕೊಂಡಿದ್ದೆ. ಇದು ನಿಜ. ಆದರೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಊಟ ಶುರುವಾದ ಐದನೆಯ ದಿನ, ಶುಕ್ರವಾರ, ಅವ್ವ ತೀರಿಕೊಂಡಳೆಂದು ತಾರು ಬಂತು. ಅದನ್ನು ಬಿಟ್ಟು ಓದಲು ಆಗಲಿಲ್ಲ. ಆ ಹೊತ್ತಿಗೆ ಊರಲ್ಲಿ ಮಣ್ಣು ಆಗಿಹೋಗಿತ್ತು. ಗಾಡಿ ಹತ್ತಿಸುತ್ತೇನೆ ನಡೆ ಅಂದರೆ, "ಈಗ ಹೋಗಿ ಯಾರ ಮಾರಿ ನೋಡ್ಲಿ? ನಿಮ್ಮ ಎಂಟು ದಿನ ಮುಗೀಲಿ" ಅಂದಳು. ಶನಿವಾರ, ಭಾನುವಾರ, ಸೋಮವಾರ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಒಂದೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ನಿನ್ನೆ ಹಂಚು ಇಳಿಸಿದ ಮೇಲೆ ಒಂದು ಮಾತು ಅಂದಳು.

"ಸಾಯೂಮುಂದ ನಮ್ಮವ್ವಗ ನಾ ನೆನಪ ಆಗಲಿಲ್ಲ ನೋಡ್ರಿ ಅಣ್ಣಾರ. ಬಾ ಅಂತ ಒಂದ ಮಾತು ಬರಸಲಿಲ್ಲ."

ಎದುರಿಗೆ ನಿಂತು ನಿಜ ಹೇಳುವ ಧೈರ್ಯ ನನಗೆ ಇಲ್ಲವೆಂದು ನಲವತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಇವತ್ತಿನ ಗಾಡಿಗೆ ಅವಳು ಹೊರಟಿದ್ದಾಳೆ. ರಾತ್ರಿಯೆಲ್ಲ ಕೂತು ಆದಷ್ಟು ಖಡಕ್ ರೊಟ್ಟಿ ಮಾಡಿ, ಬಟ್ಟೆ ಹೊದಿಸಿ, ಫ್ಯಾಕ್ಟರಿಯವರಿಗೆ ತಪ್ಪಬಾರದು ಎಂದು ಹೇಳಿ ಇಟ್ಟಿದ್ದಾಳೆ. ಹದಿನೈದು ದಿನಕ್ಕೆ ತಿರುಗಿ ಬರುತ್ತಾಳಂತೆ. ಕೂಸಿಗೆಂದು ತಾನೇ ಹೊಲಿದ ಕುಲಾವಿ ತರುತ್ತಿದ್ದಾಳೆ.

ಅತ್ತೆ ಮಾವನವರಿಗೆ ನನ್ನ ಶರಣು ತಿಳಿಸು. ಕೂಸಿಗೆ ದೃಷ್ಟಿ ತೆಗೆ. ನಿಮ್ಮಿಬ್ಬರನ್ನು ಶಿವನು ಸುಖವಾಗಿಡಲಿ.

ನಿನ್ನ
ಚನ್ನಬಸಯ್ಯ

ತಾ. ಕ. ಗಾಡಿಗೆ ಹೊತ್ತಾಯಿತು. ಈ ಲಕೋಟೆಯನ್ನು ಅಂಚೆಗೆ ಹಾಕುವುದಿಲ್ಲ, ನಾಗವ್ವನ ಕೈಯಲ್ಲೇ ಕೊಡುತ್ತಿದ್ದೇನೆ. ಬೈಲಹೊಂಗಲದಲ್ಲಿ ಬಸ್ಸು ಇಳಿದು ನಿನಗೆ ಕೊಟ್ಟು ಮುಂದೆ ಊರಿಗೆ ಹೋಗುತ್ತೇನೆ ಅಂದಿದ್ದಾಳೆ. ಸಾವಿನ ಮನೆಗೆ ಹೋಗುವವಳೆಂದು ಬಾಣಂತಿಯ ಕೋಣೆಗೆ ಬರುವುದಿಲ್ಲ, ನೀನು ಇದನ್ನು ಓದುವಾಗ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ. ಮುರಿಗೆಪ್ಪನ ಕಾಗದ ಇದರೊಳಗೇ ಇದೆ. ಕಿಟಕಿಯ ಹತ್ತಿರ ಕರೆದು ಅದನ್ನು ಅವಳಿಗೆ ಓದಿ ಹೇಳು. ನಾನು ಮಾಡಿದ್ದನ್ನೂ ಹೇಳು, ನನ್ನ ಪರವಾಗಿ ಏನೂ ಸೇರಿಸಬೇಡ. ಆಮೇಲೆ ತಿರುಗಿ ಬಾ ಎಂದು ಅವಳನ್ನು ಕರೆಯಬೇಡ, ಶೆಟ್ಟೆಪ್ಪನ ವಿಳಾಸವನ್ನೂ ಇದರೊಳಗೆ ಇಟ್ಟಿದ್ದೇನೆ, ಕೇಳಿದರೆ ಕೊಡು. ಮುರಿಗೆಪ್ಪನ ಕಾಗದದ ಹಿಂದಿನ ಪುಟದಲ್ಲಿ, ಮೇಲಿನಿಂದ ನಾಲ್ಕನೆಯ ಸಾಲು: "ಬಾಗಿಲ ಸಪ್ಪಳಾದರ ಸಾಕು, ಅವ್ವ ನಾಗಿ ಬಂದಳೇನು ಅಂತಾಳ." ಅದನ್ನು ಎರಡು ಸಲ ಓದು.