ಆ ಕರಿ ಬನಿಯನ್ ನನ್ನದೇ

ಪೀರನವಾಡಿ, ಬೆಳಗಾವಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅನುರಾಧಾ,

ಪ್ರೀತಿಯ ಎಂದು ಬರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಏನು ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಇದು ಮೂರನೆಯದು. ಫೋನ್ ನೀನು ಎತ್ತುವುದಿಲ್ಲ. ಎತ್ತಿದರೂ ಈ ವಿಷಯ ನನ್ನ ಬಾಯಿಂದ ಹೊರಡುವುದಿಲ್ಲ, ಊಟ ಆಯಿತೇನು ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಎಲ್ಲಿಗೋ ಹೋಗುತ್ತೇನೆ. ಪಂಚಮಿಗೆ ನೀನು ತವರಿಗೆ ಹೊರಡುವ ಎರಡು ದಿನ ಮೊದಲು ನನ್ನ ಟ್ರಂಕಿನಲ್ಲಿ, ಖಾಕಿ ಬಟ್ಟೆಗಳ ಕೆಳಗೆ, ಪೇಪರಿನಲ್ಲಿ ಸುತ್ತಿಟ್ಟ ಬಿಗಿಯಾದ ಕರಿ ಒಳಅಂಗಿ ಸಿಕ್ಕಿತಲ್ಲ, ಅದು ಯಾವ ಹೆಂಗಸಿನದೂ ಅಲ್ಲ. ನನ್ನದು. ಡ್ಯೂಟಿಗೆ ಹೋಗುವಾಗ ಅಂಗಿಯೊಳಗೆ ಹಾಕಿಕೊಳ್ಳುತ್ತೇನೆ. ನನ್ನ ಎದೆ ಉಳಿದ ಗಂಡಸರ ಎದೆಯಂತೆ ಚಪ್ಪಟೆಯಾಗಿಲ್ಲ ಅನುರಾಧಾ. ಹೆಂಗಸರಿಗಿರುವಂತೆ ಉಬ್ಬಿದೆ. ಅದನ್ನು ಒತ್ತಿ ಹಿಡಿಯಲು ಆ ಬನಿಯನ್.

ಇಷ್ಟು ಬರೆದು ಎದ್ದು ನೀರು ಕುಡಿದು, ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. ಮನೆಯಲ್ಲಿ ನಾನೊಬ್ಬನೇ ಇರುವುದು, ಆದರೂ.

ಹದಿಮೂರನೆಯ ವಯಸ್ಸಿಗೆ ಶುರುವಾದದ್ದು ಇದು. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ವಯಸ್ಸಿನ ಕೊಬ್ಬು, ತಾನೇ ಇಳಿಯುತ್ತದೆ ಎಂದಳು ಅವ್ವ. ಮೈ ಇಳಿಯಿತು, ಅದು ಇಳಿಯಲಿಲ್ಲ. ನಮ್ಮ ಮದುವೆಯಲ್ಲಿ ಸುರಗಿ ನೀರು ಹಾಕುವಾಗ ಮದುಮಗ ಬರಿಮೈಯಲ್ಲಿ ಕೂರಬೇಕು, ಮುತ್ತೈದೆಯರು ಎದೆಗೆ ಬೆನ್ನಿಗೆ ಅರಿಷಿಣ ಹಚ್ಚಬೇಕು. ನಾನು ಚಳಿಜ್ವರ ಎಂದು ಸುಳ್ಳು ಹೇಳಿ ಬನಿಯನ್ ಹಾಕಿಕೊಂಡೇ ಕೂತೆ. ನಿನ್ನ ಅವ್ವ ನಗುತ್ತ, "ಅಳಿಯಗ ನಾಚಿಕಿ ಭಾಳ ಐತಿ" ಎಂದು ಬನಿಯನ್ ಮೇಲೆಯೇ ಅರಿಷಿಣ ಸವರಿದರು. ಎಲ್ಲರೂ ನಕ್ಕರು, ನೀನೂ ನಕ್ಕೆ. ನಾನೂ ನಕ್ಕೆನೆಂದು ಕಾಣುತ್ತದೆ, ಫೋಟೋದಲ್ಲಿ ಹಾಗೇ ಇದೆ.

ಆಮೇಲಿನ ಎರಡು ವರ್ಷ ನಿನಗೇ ಗೊತ್ತು. ನಿನ್ನ ಕೈ ನನ್ನ ಎದೆಯ ಕಡೆ ಬಂದಾಗಲೆಲ್ಲ ಹಿಡಿದು ಪಕ್ಕಕ್ಕಿಟ್ಟೆ. "ನಾ ಮುಟ್ಟಿದರ ನಿಮಗ ಹೇಸಿಕಿ ಬರತೈತೇನು?" ಎಂದು ಒಮ್ಮೆ ಕೇಳಿದೆ ನೀನು. ನಾನು ಗೋಡೆಯ ಕಡೆ ಹೊರಳಿ ಬೆಳಗಿನ ಡ್ಯೂಟಿಯ ನೆಪ ಹೇಳಿದೆ. ಹೇಸಿಗೆ ಇದ್ದದ್ದು ಖರೇ, ಆದರೆ ನಿನ್ನ ಮೇಲೆ ಅಲ್ಲ. ಈ ಒಂದು ಮಾತನ್ನು ಅಂದೇ ಹೇಳಿದ್ದರೆ ಇವತ್ತು ನೀನು ಇಲ್ಲೇ ಇರುತ್ತಿದ್ದೆ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ನಿನ್ನನ್ನು ಕರೆದೊಯ್ಯಲು ನಾನು ಬರಲಿಲ್ಲವೆಂದು ಗಣಪತಿ ಹಬ್ಬದ ಮೊದಲು ನಿನ್ನ ಅಪ್ಪ ಸಾತಪ್ಪ ಮಾವ, ನಮ್ಮ ಸತ್ಯಪ್ಪ ಕಾಕಾ ಇಬ್ಬರೂ ನನ್ನನ್ನು ಕರೆಸಿ ಖಾನಾಪುರದ ನಿಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿದರು. ನೀನು ಒಳಬಾಗಿಲ ಹಿಂದೆ ನಿಂತಿದ್ದೆ, ಬಳೆಯ ಸದ್ದು ಬಂತು. "ಖರೇ ಹೇಳಪಾ ಬೀರೇಶ, ಹೊರಗ ಯಾರರ ಅದಾರೇನು?" ಎಂದರು ಕಾಕಾ. ನಾನು "ಅದಾರ್ರಿ" ಎಂದೆ.

ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ಹೊರಗೆ ಹೆಣ್ಣು ಇಟ್ಟುಕೊಂಡವನು ಅನ್ನಿಸಿಕೊಳ್ಳಬೇಕು, ಇಲ್ಲವೇ ಅಂಗಿಯೊಳಗೆ ಇರುವುದನ್ನು ಹೇಳಬೇಕು, ಆ ಹೊತ್ತಿಗೆ ನನಗೆ ಕಂಡದ್ದು ಇವೆರಡೇ. ಮೊದಲನೆಯದಕ್ಕೆ ಬೈಯುತ್ತಾರೆ, ಎರಡನೆಯದಕ್ಕೆ ನಗುತ್ತಾರೆ. ಬೈಸಿಕೊಳ್ಳುವುದೇ ವಾಸಿ ಅನಿಸಿತು. ಮಾವ ಬೈಯಲೂ ಇಲ್ಲ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಎದ್ದುಹೋದರು. ಕಾಕಾ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದು, "ಗಂಡಸರ ಕೈಲೆ ಹಿಂತಾದ ಆಗತೈತಿ, ಬಿಟ್ಟಬಿಡು ಆಕೀನ" ಎಂದು ಬೆನ್ನು ತಟ್ಟಿದರು. ಗಂಡಸರ ಕೈಲಿ ಎಂದರಲ್ಲ, ಆ ಮಾತಿಗೆ ನನಗೆ ಒಳಗೊಳಗೇ ಸಮಾಧಾನವಾಯಿತು. ನೀನು ಬಾಗಿಲ ಹಿಂದೆ ಅಳುತ್ತಿದ್ದೆ, ನಾನು ಸಮಾಧಾನದಿಂದ ಬಸ್ಸು ಹತ್ತಿದೆ. ಇದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುವಾರ ಬಸ್ಸಿನಲ್ಲಿ ಬಹಳ ಗದ್ದಲವಿತ್ತು. ಉಳಿದ ಕಂಡಕ್ಟರರಂತೆ ನಾನು ಹಣದ ಚೀಲವನ್ನು ಸೊಂಟಕ್ಕೆ ಇಳಿಬಿಡುವುದಿಲ್ಲ, ಎದೆಗೆ ಅವಚಿ ಹಿಡಿಯುತ್ತೇನೆ. ಸರ್ಕಾರದ ದುಡ್ಡಿಗೆ ಇಷ್ಟು ಜೋಪಾನ ಮಾಡುವವನು ನಾನೊಬ್ಬನೇ ಎಂದು ನೀನು ಚೇಷ್ಟೆ ಮಾಡುತ್ತಿದ್ದೆ. ಅವತ್ತು ಇಳಿಯುವವರ ನೂಕಾಟದಲ್ಲಿ ಚೀಲ ಬದಿಗೆ ಸರಿಯಿತು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಕರಿ ಬನಿಯನ್ ಅನ್ನು ನೀನು ಸಾಕ್ಷಿಗೆಂದು ಖಾನಾಪುರಕ್ಕೆ ಒಯ್ದಿದ್ದೆ, ಒಳಗೆ ಏನೂ ಇರಲಿಲ್ಲ. ಹಿಂದಿನ ಸೀಟಿನವನೊಬ್ಬ ಮರಾಠಿಯಲ್ಲಿ, "ಕಾಯ್ ವಹಿನಿ, ತಿಕೀಟ ದ್ಯಾ ಕೀ" ಎಂದ. ಏನ್ ಅತ್ತಿಗಿ, ಟಿಕೆಟ್ ಕೊಡ್ರಿ ಅಂತ. ಅರ್ಧ ಬಸ್ಸು ನಕ್ಕಿತು. ನಾನು ಟಿಕೆಟ್ ಕೊಟ್ಟು ಮುಂದೆ ಹೋದೆ. ನಮ್ಮ ಡ್ರೈವರ್ ಹಣಮಪ್ಪ ಕನ್ನಡಿಯಲ್ಲಿ ನೋಡಿದ. ಖಾನಾಪುರದಲ್ಲಿ ಚಹಾ ಕುಡಿಯುವಾಗ, "ನನ್ನ ತಮ್ಮಗೂ ಹಂಗ ಇತ್ತು, ಡಾಕ್ಟರಿಗೆ ತೋರಿಸು" ಎಂದಷ್ಟೇ ಹೇಳಿದ.

ಮರುದಿನವೇ ಸದಾಶಿವನಗರದ ಒಂದು ಆಸ್ಪತ್ರೆಗೆ ಹೋದೆ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಎದುರು ಅಂಗಿ ಬಿಚ್ಚಿದೆ. ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿಸಿ, "ಭಾಳ ಮಂದಿ ಗಂಡಸರಿಗೆ ಇರತೈತ್ರಿ ಇದು, ನೀವೊಬ್ಬರ ಅಲ್ಲ. ಹಂಗ ಬಿಟ್ಟರೂ ಏನೂ ಆಗೂದಿಲ್ಲ. ಆಪರೇಷನ್ ಮಾಡಿ ತಗಸೂದಾದರ ಒಂದೆರಡ ದಿನದ ಮಾತು. ಗಾಯದ ಸಣ್ಣ ಕಲಿ ಉಳೀತೈತಿ, ಕೆಲವರಿಗೆ ಅಲ್ಲಿ ಮುಟ್ಟಿದ್ದು ಗೊತ್ತಾಗೂದು ಕಡಿಮಿ ಆಗತೈತಿ" ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, "ಯಾರ ಸಲುವಾಗಿ ಮಾಡಸ್ಕೋತೀರಿ?" ಎಂದು ಕೇಳಿದರು. ಹೆಂಡತಿಯ ಸಲುವಾಗಿ ಎಂದೆ. ಮನೆಯವರು ಏನನ್ನುತ್ತಾರೆ ಎಂದರು ಡಾಕ್ಟರು. ಆಕೆಗೆ ಎಲ್ಲ ಗೊತ್ತು, ಒಪ್ಪಿದ್ದಾಳೆ ಎಂದುಬಿಟ್ಟೆ.

ಬರುವ ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಭರ್ತಿಯಾಗಬೇಕು. ನನ್ನ ತಲೆ ನೆಟ್ಟಗಿಲ್ಲ. ಬೆಳಗಾವಿ ಸ್ಟ್ಯಾಂಡ್ ಬಿಡುವಾಗ ಮಾಡಿಸಿಯೇಬಿಡೋಣ ಅನಿಸುತ್ತದೆ: ಚೀಲ ಸೊಂಟಕ್ಕೆ ಇಳಿಬಿಡಬಹುದು, ತೆಳು ಬಿಳಿ ಅಂಗಿ ತೊಡಬಹುದು, ಮಲಪ್ರಭೆಯಲ್ಲಿ ನಿನ್ನ ಅಣ್ಣತಮ್ಮಂದಿರ ಜೊತೆ ಈಜಬಹುದು. ದೇಸೂರು ಬರುವಷ್ಟರಲ್ಲಿ ಬೇಡ ಅನಿಸುತ್ತದೆ. ಅಲ್ಲಿ ಮುಟ್ಟಿದ್ದು ಗೊತ್ತಾಗುವುದು ಕಡಿಮೆಯಾಗಬಹುದು ಎಂದರಲ್ಲ ಡಾಕ್ಟರು. ಎರಡು ವರ್ಷ ನಿನ್ನ ಕೈಯನ್ನು ತಳ್ಳಿದೆ. ಈಗ ಬಾ ಎಂದು ಕರೆದಾಗ, ನೀನು ಬಂದಾಗ, ಆ ಕೈ ಮುಟ್ಟಿದ್ದು ನನಗೆ ಗೊತ್ತೇ ಆಗದೆ ಹೋದರೆ? ನಿಲ್ಲಿಸಬೇಕಾದ ಒಂದು ಸ್ಟಾಪಿನಲ್ಲಿ ಹೊರಡು ಎಂದು ಎರಡು ಸಲ ಸೀಟಿ ಊದಿದೆ, ಹಣಮಪ್ಪ ಬೈದ. ದಿನಕ್ಕೆ ಮೂರು ಸಲ ನಿನ್ನ ಊರಿಗೆ ಬರುತ್ತೇನೆ. ಸ್ಟ್ಯಾಂಡಿನಿಂದ ನಿಮ್ಮ ಮನೆಗೆ ಹತ್ತು ನಿಮಿಷದ ದಾರಿ. ಚಹಾದ ಅಂಗಡಿ ದಾಟುವ ಧೈರ್ಯ ನನಗೆ ಬಂದಿಲ್ಲ.

ಇನ್ನೊಂದು ಹಂಚಿಕೆಯನ್ನೂ ಹಾಕಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಸುಮ್ಮನೆ ಆಪರೇಷನ್ ಮಾಡಿಸಿಕೊಂಡು, ಗಾಯ ಮಾಯ್ದ ಮೇಲೆ ಬಂದು, ಹೊರಗಿನ ಆಕೆಯನ್ನು ಬಿಟ್ಟೆ, ತಪ್ಪಾಯಿತು ಎಂದು ಮಾವನ ಕಾಲಿಗೆ ಬೀಳುವುದು. ಅವರು ಕಳಿಸಿಕೊಡುತ್ತಿದ್ದರು, ನೀನೂ ಬರುತ್ತಿದ್ದೆ. ಎಲ್ಲ ಸರಿಹೋಗುತ್ತಿತ್ತು. ಆದರೆ ಇಲ್ಲದ ಒಬ್ಬಳ ಜೊತೆ ನೀನು ಜನ್ಮವಿಡೀ ನಿನ್ನನ್ನು ಹೋಲಿಸಿಕೊಂಡು ಬಾಳಬೇಕಾಗುತ್ತಿತ್ತು. ಆಕೆ ಬೆಳ್ಳಗಿದ್ದಳೇ, ತೆಳ್ಳಗಿದ್ದಳೇ ಎಂದು. ಅದನ್ನು ಯೋಚಿಸಿದ ಮೇಲೆಯೇ ಈ ಪತ್ರಕ್ಕೆ ಕೂತದ್ದು.

ಮಾಡಿಸು, ಬೇಡ ಎಂದು ನೀನು ತೀರ್ಪು ಕೊಡಬೇಕಿಲ್ಲ. ಮೈ ನನ್ನದು, ನಾನೇ ನಿರ್ಧರಿಸುತ್ತೇನೆ. ಅದಕ್ಕೂ ಮೊದಲು ನೀನು ಒಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ. ನೋಡಿ ನಗು ಬಂದರೆ ನಗು. ವಾಪಸು ಹೋಗಬೇಕೆನಿಸಿದರೆ ನಾನೇ ಟಿಕೆಟ್ ತೆಗೆದು ಸೀಟು ಹಿಡಿದು ಕೂರಿಸುತ್ತೇನೆ. ಈ ಪತ್ರವನ್ನು ಮಾವನಿಗೂ ಓದಿ ಹೇಳು. ಓದುವಾಗ ನಾನು ಅಲ್ಲಿ ಇರುವುದಿಲ್ಲ ಎಂಬುದೊಂದೇ ನನಗೆ ಧೈರ್ಯ.

ನಿನ್ನವನೇ ಎಂದು ಇನ್ನೂ ನಂಬಿಕೊಂಡಿರುವ,
ಬೀರೇಶ

ತಾ.ಕ.: ಬರುವ ಗುರುವಾರ ಎಂದು ಬರೆದದ್ದು ಸುಳ್ಳು. ನೀನು ಅವಸರ ಮಾಡಿ ಬರಲಿ ಎಂಬ ಆಸೆಗೆ ಹಾಗೆ ಬರೆದೆ. ಹೊಡೆದುಹಾಕಿದರೆ ಮತ್ತೆ ಹಾಳೆ ಹರಿಯಬೇಕಾಗುತ್ತದೆ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಆಪರೇಷನ್ ಇದ್ದದ್ದು ಹೋದ ಗುರುವಾರ. ಹೆಂಡತಿ ಹೊರಗೆ ಕೂತಿದ್ದಾಳೆ ಎಂದು ಹೇಳಿ ಭರ್ತಿಯಾಗಿದ್ದೆ. ಡಾಕ್ಟರು ನನ್ನನ್ನು ನಿಲ್ಲಿಸಿ ಎಲ್ಲಿ ಕೊಯ್ಯಬೇಕೆಂದು ಎದೆಯ ಮೇಲೆ ನೇರಳೆ ಮಸಿಯಿಂದ ಗೆರೆ ಎಳೆದು ಹೋದರು. ನರ್ಸ್ ಬಂದು, "ನಿಮ್ಮ ಮನಿಯವರು ಹೊರಗ ಅದಾರಲ್ರಿ, ಕರೀರಿ, ಸಹಿ ಮಾಡಬೇಕು" ಎಂದರು. ಕರೆದುಕೊಂಡು ಬರುತ್ತೇನೆ ಎಂದು ಅಂಗಿ ಹಾಕಿಕೊಂಡು ಹೊರಬಿದ್ದವನು ಪೀರನವಾಡಿಯವರೆಗೆ ನಡೆದೇ ಬಂದೆ. ಮನಸ್ಸಾದಾಗ ಬನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ. ಗೆರೆಗಳು ಇನ್ನೂ ಮಾಸಿಲ್ಲ. ನೀನು ನೋಡುವ ತನಕ ಎದೆಗೆ ಸೋಪು ಹಚ್ಚುವುದಿಲ್ಲ.