ಬಿಡವ್ವಾ

ಬಳ್ಳಾರಿ
೧೪ ಫೆಬ್ರವರಿ ೧೯೯೯

ನಾಗಲಿಂಗಮ್ಮಕ್ಕನಿಗೆ ತಮ್ಮನ ನಮಸ್ಕಾರ.

ಕೊಟ್ಟೂರಿನಿಂದ ನೀನು ಬರೆದ ಪತ್ರ ತಲುಪಿತು. ಹಗರಿಬೊಮ್ಮನಹಳ್ಳಿಯ ಗಂಡಿನವರು ಒಪ್ಪಿದ್ದಾರೆ, ನಿನ್ನ ಮಗಳು ಗಂಗಾಂಬಿಕಾ ಮಾತ್ರ ವಿಮಾನ ಹಾರಿಸಲು ಕಲಿಯುವುದನ್ನು ಬಿಟ್ಟು ಬರಲು ಒಪ್ಪುತ್ತಿಲ್ಲ. ‘ಕಲಸಾಂವ ನೀನ ಅದೀ, ನೀನ ಫೇಲ್ ಮಾಡು. ನಾಕು ದಿನ ಅಳ್ತಾಳ, ಆಮ್ಯಾಲ ಮನಿಗೆ ಬರ್ತಾಳ’ ಎಂದಿದ್ದೀಯ. ಓದಿ ಮಡಿಸಿಟ್ಟೆ.

ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಸ್ಟಾಲ್ ಪರೀಕ್ಷೆಯಲ್ಲಿ ಅವಳು ಎರಡು ಸಲ ಸೋತಿದ್ದಳು. ಇನ್ನೊಮ್ಮೆ ಸೋತರೆ ಮನೆಗೇ.

ಸ್ಟಾಲ್ ಎಂದರೆ ನೀನು ತಿಳಿದಂತೆ ಎಂಜಿನ್ ನಿಲ್ಲುವುದಲ್ಲ. ಹರಪನಹಳ್ಳಿ ಬಸ್ಸಿನ ಕಿಟಕಿಯಿಂದ ನಾನು ಅಂಗೈ ಚಾಚಿದರೆ ‘ಕೈ ಒಳಗ ತಗೊಳ್ಳಲೇ’ ಎಂದು ಗುದ್ದುತ್ತಿದ್ದೆಯಲ್ಲ. ಅಂಗೈಯ ಮುಂಭಾಗ ತುಸು ಎತ್ತಿದರೆ ಗಾಳಿ ಕೈಯನ್ನು ಮೇಲಕ್ಕೆ ಒಯ್ಯುತ್ತಿತ್ತು. ತೀರ ಎತ್ತಿದರೆ ಬಿಟ್ಟುಬಿಡುತ್ತಿತ್ತು. ರೆಕ್ಕೆಯೂ ಹಾಗೇ. ವೇಗ ಇಳಿದಷ್ಟೂ ತೇಲಲು ವಿಮಾನದ ಮೂತಿ ಎತ್ತಬೇಕು. ಒಂದು ಹಂತದಲ್ಲಿ ಗಾಳಿ ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ತಿರುಗುವಾಗಲಂತೂ ಹೆಚ್ಚಿನ ವೇಗದಲ್ಲೇ ಹೀಗಾಗುತ್ತದೆ. ಮೂತಿ ಇಳಿಯಲು ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆದರೆ ಬೀಳುತ್ತಿರುವವರಿಗೆ ಕೆಳಗೆ ಹೋಗುವ ಮನಸ್ಸು ಬರುವುದಿಲ್ಲ; ಚಾಲನೆಯ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುತ್ತಾರೆ, ಎಳೆದಷ್ಟೂ ಬೀಳುತ್ತಾರೆ. ಗಂಗಾಂಬಿಕಾ ಎಳೆಯುತ್ತಿದ್ದಳು.

ನಿನ್ನೆ ಗುಡೇಕೋಟೆಯ ಗುಡ್ಡಗಳ ಮೇಲೆ, ಬಹಳ ಎತ್ತರದಲ್ಲಿ, ಕೊನೆಯ ಅವಕಾಶ. ವೇಗ ಇಳಿಯಿತು, ಎಚ್ಚರಿಕೆಯ ಪೀಪಿ ಕೂಗಿತು, ವಿಮಾನ ನಡುಗಿತು. ಮತ್ತೆ ಎಳೆದಳು. ನಮ್ಮ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆಗ ಮಾತ್ರ ನನ್ನ ಬಾಯಿಂದ ಮನೆಯ ಮಾತು ಬಂತು: ‘ಬಿಡವ್ವಾ, ಸಾಕು.’

ಅವಳು ಕೈ ಸಡಿಲಿಸಿದಳು. ಮೂತಿ ಇಳಿಯಿತು, ವೇಗ ಬಂತು, ರೆಕ್ಕೆಗೆ ಗಾಳಿ ಸಿಕ್ಕಿತು. ಎಂಜಿನ್ನಿನ ಪೂರ್ತಿ ಬಲ ಕೊಟ್ಟು ಮೆಲ್ಲಗೆ ಸಮಕ್ಕೆ ತಂದಳು. ‘ಹಿಂಗೇನ್ರಿ ಮಾಮಾ? ಬರೇ ಬಿಡೂದೇನು? ಇಷ್ಟು ದಿನ ಕನ್ನಡದಾಗ ಯಾಕ ಹೇಳಲಿಲ್ರಿ?’ ಎಂದು ನಕ್ಕಳು. ನಾನು ಹೊರಗೆ ನೋಡುತ್ತ, ಇನ್ನೊಮ್ಮೆ ಮಾಡು ಎಂದೆ. ಮಾಡಿದಳು. ಈ ಸಲ ನಾನು ಬಾಯಿ ತೆರೆಯಲಿಲ್ಲ.

ಪಾಸು ಮಾಡಿದ್ದೇನೆ. ಇಂದು ಬೆಳಿಗ್ಗೆ ಒಬ್ಬಳೇ ಹಾರಿ, ಇಳಿದಳು. ಗಂಡಿನವರಿಗೆ ಏನು ಹೇಳುವುದೋ ನೀನೇ ನೋಡು.

ನಿನ್ನ ತಮ್ಮ,
ಶಿವಯೋಗಪ್ಪ

ತಾ.ಕ.: ನಾನು ಬಿಡು ಎಂದದ್ದು ಹಿಡಿಕೆಯನ್ನಲ್ಲ. ಹಾರುವುದನ್ನೇ ಬಿಡು, ಮನೆಗೆ ಹೋಗು ಎಂದಿದ್ದೆ. ನಿನ್ನ ಪತ್ರ ಜೇಬಿನಲ್ಲಿತ್ತು. ಅವಳು ಪಾಠವೆಂದುಕೊಂಡಳು. ಹಾಗೆಯೇ ಇರಲಿ, ಅವಳಿಗೆ ಹೇಳಬೇಡ.