ರಘು ಮಾಡದ ಜಾಲರಿ

ಪಾಂಡವಪುರ
೧೫ ಸೆಪ್ಟೆಂಬರ್ ೨೦೨೫

ಪ್ರೀತಿಯ ರಘಣ್ಣಾ,

ಹೇಗಿದ್ದೀಯ? ಹೊಸಪೇಟೆಯ ಬಿಸಿಲಿಗೆ ತಲೆನೋವು ಹೆಚ್ಚಿತೋ, ಇಳಿಯಿತೋ? ಶಾಲೆಯ ಮಕ್ಕಳು ನೀನು ಹೇಳಿಕೊಟ್ಟ ಚಿತ್ರ ಬರೆಯುತ್ತಾರೋ, ಡ್ರಾಯಿಂಗ್ ಮೇಷ್ಟ್ರ ಮೂಗನ್ನೇ ಬರೆದು ನಗುತ್ತಾರೋ? ನಾನು ಗಟ್ಟಿಯಾಗಿದ್ದೇನೆ, ಬೆರಳುಗಳನ್ನು ಬಿಟ್ಟು. ತಂತಿ ಗೀರಿ ಗೀರಿ ಅವು ತುರಿಮಣೆಯಾಗಿವೆ.

ನಮ್ಮ ಕುಲುಮೆಗೆ ಕುಡುಗೋಲು ಬರುವುದು ನಿಂತಿದೆ. ಈಗ ಬರುವುದು ಕಾರು. ಬಂಪರಿನ ಬಾಯಿಗೆ ಅಲಂಕಾರದ ಜಾಲರಿ ಕೂರಿಸಬೇಕು. ಮೊದಲನೆಯದನ್ನು ಅಪ್ಪನೇ ಮಾಡಿದರು. ದೇವಸ್ಥಾನದ ಕಿಟಕಿಗೆ ಮಾಡುವ ಹಾಗೆ ಇರುವೆಯೂ ನುಸುಳದಷ್ಟು ಒತ್ತಾಗಿ ಹೆಣೆದು ಟ್ಯಾಕ್ಸಿ ಸೋಮಯ್ಯನ ಕಾರಿಗೆ ಬಿಗಿದರು. ನೋಡಲು ಸೊಗಸೇ. ಆದರೆ ಗಾಳಿ ಒಳಗೆ ಹೋಗದೆ ಮೇಲುಕೋಟೆ ಏರಿನಲ್ಲಿ ಇಂಜಿನ್ ಕುದಿಯಿತು. ಸೋಮಯ್ಯ ಬಂದು ಬೀದಿಗೆಲ್ಲ ಕೇಳುವಂತೆ, “ಏನ್ ಕಾಳಪ್ಪಣ್ಣ, ಕಾರ್‌ಗೆ ಗರ್ಭಗುಡಿ ಕಟ್ಬುಟ್ಟಿದ್ದೀಯಲ್ಲ! ಒಳಗಿರೋ ದೇವ್ರು ಬೆಂದೋಗವ್ನೆ ಕಣಣ್ಣೋ!” ಅಂದ.

ಅಪ್ಪ ತಲೆ ತಗ್ಗಿಸಿ ಕೂತರು. ನಾನು ಹಿತ್ತಲಿನಲ್ಲಿ ರಟ್ಟಿನ ಮೇಲೆ ಅಳತೆ ತೆಗೆದು, ದೊಡ್ಡ ಕಣ್ಣಿನ ಅಲ್ಯೂಮಿನಿಯಂ ಜಾಲರಿ ಕತ್ತರಿಸಿ, ಅಂಚು ಮಡಚಿ, ಕಪ್ಪು ಬಣ್ಣ ಹೊಡೆದೆ. ಅದನ್ನು ಕೂರಿಸಿದ ಮೇಲೆ ಕಾರು ತಣ್ಣಗೆ ಬೆಟ್ಟ ಹತ್ತಿ ಇಳಿಯಿತು. “ಯಾರ್ ಕೈಕೆಲ್ಸ ಇದು?” ಅಂತ ಸೋಮಯ್ಯ ಮೆಚ್ಚಿ ಕೇಳಿದಾಗ ನಾನು ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಪ್ಪ ಏನೆಂದರು ಗೊತ್ತೆ? “ನಮ್ ರಘುದು ಕಣಯ್ಯ. ಅಳ್ತೆ ಕಳ್ಸಿದ್ದೆ, ಹೊಸಪೇಟೇಲೇ ಮಾಡಿ ಬಸ್ಸಿಗಾಕವ್ನೆ.” ಈಗ ಕೆ.ಆರ್. ಪೇಟೆ, ನಾಗಮಂಗಲದಿಂದೆಲ್ಲ ಜನ ರಘು ಜಾಲರಿ ಬೇಕು ಅಂತ ಬರುತ್ತಾರೆ. ನಗಬೇಡ.

ಹೆಣ್ಣು ಕುಲುಮೆ ಕಟ್ಟೆ ಹತ್ತಿದರೆ ಬೆಂಕಿಗೆ ಮೈಲಿಗೆಯಂತೆ. ಇದೇ ಕುಲುಮೆಯ ತಿದಿ ಒತ್ತಿ ಒತ್ತಿ ಎದೆನೋವಿನಿಂದ ಸತ್ತಳಲ್ಲ ಅಜ್ಜಿ, ಅವಳ ರಟ್ಟೆಯ ಗಾಳಿ ಮಾತ್ರ ಮಡಿಯೇ? ದುಡಿತ ಬೇಕು, ದುಡಿದವಳ ಹೆಸರು ಬೇಡ. ಥೂ!

ಆದರೂ ಅಣ್ಣಾ, ಸಿಟ್ಟಿಗಿಂತ ಸಂಕಟವೇ ಹೆಚ್ಚು. ಬಣ್ಣದ ಡಬ್ಬಿಗೆ ಅಳುತ್ತಿದ್ದ ನಿನ್ನನ್ನು ಕಿವಿ ಹಿಂಡಿ ಬೆಂಕಿಯ ಮುಂದೆ ಕೂರಿಸಿದರು. ಬೆಂಕಿಯ ಹತ್ತಿರ ಓಡಿದ ನನ್ನನ್ನು ರಂಗೋಲಿಗೆ ಅಟ್ಟಿದರು. ಅದಲುಬದಲು ಮಾಡಿದ್ದರೆ ನೀನು ಊರು ಬಿಡುತ್ತಿರಲಿಲ್ಲವೇನೋ. ಅಪ್ಪ ಕೆಟ್ಟವರಲ್ಲ. ಸಂಜೆ ನನ್ನ ಬೆರಳಿಗೆ ಹರಳೆಣ್ಣೆ ಹಚ್ಚುವವರು ಅವರೇ. ಹಚ್ಚುತ್ತಾ, “ಹೆಣ್ಮಗ ಮಾಡದು ಅಂದ್ರೆ ಯಾರವ್ವ ನಂಬ್ತಾರೆ?” ಅಂತಾರೆ. ಗಾಯಕ್ಕಿಂತ ಆ ಮಾತು ಉರಿಯುತ್ತದೆ.

ಅಮ್ಮ ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಅಂತ ಒಲೆಯ ಮುಂದಿನಿಂದಲೇ ಹರಸಿದ್ದಾಳೆ. ಸ್ನೇಹ ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಹರ್ಷಿತ

ತಾ.ಕ.: ಅಪ್ಪ ಬರುವುದರೊಳಗೆ ಬರೆದುಬಿಡುತ್ತೇನೆ. ಆಯುಧಪೂಜೆಗೆ “ಬಂದ್ಬುಡ್ಲಾ” ಅಂತ ನಿನಗೆ ಫೋನ್ ಮಾಡುತ್ತಾರೆ. ನೆಂಟರೆದುರು ನಿನ್ನ ಕೈಗೆ ಸುತ್ತಿಗೆ ಕೊಡಬೇಕಂತೆ. ಅದನ್ನು ಪಡೆದವರಿಗೇ ಕುಲುಮೆ ಅನ್ನುವುದು ನಮ್ಮ ಮನೆಯ ಕಟ್ಟಳೆ. ನಿನಗದು ಒಂದು ದಿನದ ಶಾಸ್ತ್ರ, ಮುಗಿಸಿ ಬಸ್ಸು ಹತ್ತುತ್ತೀಯ. ಆಮೇಲೆ ನಾನು ಸಾಯುವವರೆಗೂ ರಘುವೇ. ಬಾ ಅಣ್ಣಾ, ಖಂಡಿತ ಬಾ. ಆದರೆ ಅವರು ಸುತ್ತಿಗೆ ಚಾಚಿದಾಗ ಕೈ ಹಿಂದೆ ಕಟ್ಟಿಕೋ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.